ಪಾಚಿ ಬಣ್ಣದ ವಜ್ರ

ಬಳೆ ಮಾಡಿಕೊಡಿ ಎಂದು ಬಂದವರನ್ನು ಎದುರಿನ ಅಂಗಡಿಗೆ ಕಳಿಸಿ, ಸರ ಬೇಕೆಂದವರನ್ನು ಪಕ್ಕದ ಅಂಗಡಿಗೆ ಕಳಿಸಿ, ಇಪ್ಪತ್ತು ವರ್ಷದಿಂದ ಬರೀ ಉಂಗುರ ಮಾಡಿಕೊಂಡು ಕೂತಿದ್ದವಳಿಗೆ ಆ ಬೀದಿಯಲ್ಲಿ ಉಂಗುರದಕ್ಕ ಎಂಬ ಹೆಸರು ಅಂಟಿಕೊಂಡುಬಿಟ್ಟಿತ್ತು. ಅಪ್ಪನೂ ಅಕ್ಕಸಾಲಿಗ. ಅವನ ಮಣೆ, ಅವನ ಚಿಮಟ, ಅವನ ಅರಗಳು, ಕೊನೆಗೆ ಅವನ ಬೆನ್ನುನೋವು ಕೂಡ ಇವಳ ಪಾಲಿಗೇ ಬಂದಿದ್ದವು. ಅವುಗಳ ಜೊತೆಗೆ ತಮ್ಮನೂ ಬಂದಿದ್ದ. ಅಮ್ಮ ಹೋದಾಗ ಅವನಿಗೆ ಆರು ವರ್ಷ. ಅವನಿಗೆ ತಲೆ ಬಾಚಿ, ಗುಂಡಿ ಹಾಕಿ, ಜ್ವರ ಬಂದರೆ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ಬೆಳೆಸಿದವಳು ಇವಳೇ. ಈಗ ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದ. ಮಧ್ಯಾಹ್ನದ ಊಟದ ಡಬ್ಬಿ ಮಾತ್ರ ಇವತ್ತಿಗೂ ಅಕ್ಕನೇ ಕಟ್ಟಿಕೊಡಬೇಕು.

ಅವನು ಮದುವೆಯಾಗುತ್ತೇನೆ ಎಂದ ಹುಡುಗಿ ನೀರಿನ ಇಲಾಖೆಯವಳು. ಕೆರೆ, ನಾಲೆಗಳ ನೀರನ್ನು ಸೀಸೆಯಲ್ಲಿ ತುಂಬಿ ತಂದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಅವಳ ಕೆಲಸ. ನೋಡಿ ನೋಡಿ ಕಣ್ಣು ಸೋತು ಕನ್ನಡಕದ ಅಂಗಡಿಗೆ ಬಂದವಳು, ಕನ್ನಡಕದ ಜೊತೆಗೆ ತಮ್ಮನನ್ನೂ ಆರಿಸಿಕೊಂಡಳು ಎಂದು ಉಂಗುರದಕ್ಕ ತಮಾಷೆ ಮಾಡುತ್ತಿದ್ದಳು. ಮನೆಯಲ್ಲಿ ಅವಳಿಗೆ ನೀರಿನ ಹುಡುಗಿ ಎಂದೇ ಹೆಸರಾಯಿತು. ನಿಶ್ಚಿತಾರ್ಥದ ಉಂಗುರವನ್ನು ಅಕ್ಕ ತನ್ನ ಕೈಯಾರೆ ಮಾಡುವುದು, ಕಲ್ಲನ್ನು ಹುಡುಗಿ ತನ್ನ ಕಣ್ಣಾರೆ ಆರಿಸುವುದು ಎಂದು ಮಾತಾಯಿತು.

ವಜ್ರದ ವ್ಯಾಪಾರಿ ಅಪ್ಪನ ಕಾಲದ ಗೆಳೆಯ. ಉಂಗುರದಕ್ಕ ಅವನನ್ನು ಮಾಮ ಎನ್ನುತ್ತಿದ್ದಳು. ಕಡಿದಾದ ಮೆಟ್ಟಿಲು ಹತ್ತಿ ಹೋದರೆ ಮೇಲೆ ಒಂದೇ ಕೋಣೆ, ಉತ್ತರಕ್ಕೊಂದು ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಬಿಳಿ ಬಟ್ಟೆ ಹಾಸಿದ ಮೇಜು. ಮಾಮ ಮೊದಲು ಬಿಳಿ ವಜ್ರಗಳ ಪೊಟ್ಟಣ ಬಿಚ್ಚಿದ. ಹುಡುಗಿ ನೋಡಿದಳು, ತಲೆಯಾಡಿಸಿದಳು, ಕೈ ಚಾಚಲಿಲ್ಲ. ಬಣ್ಣದ್ದೇನಾದರೂ ಇದೆಯಾ ಎಂದು ಕೇಳಿದಳು. ಹಳದಿ ಬಂತು, ಜೇನಿನ ಬಣ್ಣದ್ದು ಬಂತು, ಮಗುವಿನ ಅಂಗೈಯಂಥ ತಿಳಿಗುಲಾಬಿ ಬಂತು. ಅವಳು ಒಂದೊಂದನ್ನೂ ಬೆರಳುಗಳ ಸಂದಿಯಲ್ಲಿ ಇಟ್ಟುಕೊಂಡು, ದೀಪದ ಬೆಳಕು ಬೇಡವೆಂದು ಕಿಟಕಿಗೆ ಹೋಗಿ ನೋಡಿ ಬಂದಳು. ಗಂಟೆ ಕಳೆಯಿತು. ಕೊನೆಗೆ ಮಾಮ, ಇದನ್ನು ಯಾರೂ ಕೇಳುವುದಿಲ್ಲ, ಸುಮ್ಮನೆ ನೋಡಮ್ಮ ಎಂದು, ಡ್ರಾಯರಿನ ಮೂಲೆಯಿಂದ ಒಂದು ಪೊಟ್ಟಣ ತೆಗೆದ. ಬೂದಿ ಬೆರೆತ ಹಸಿರು. ಒಂದು ಕಡೆ ತಿಳಿ, ಇನ್ನೊಂದು ಕಡೆ ಗಾಢ.

ಹುಡುಗಿ ಅದನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕಿಟಕಿಯ ಬಳಿಯೇ ನಿಂತಳು. ಕೆರೆಯ ಅಂಚಿನಲ್ಲಿ, ಮೊಣಕಾಲುದ್ದ ನೀರಿಗೆ ಇಳಿದಾಗ ಕಾಣುವ ಬಣ್ಣ ಇದು ಎಂದಳು. ಆ ಬಣ್ಣದ ನೀರಿನಲ್ಲಿ ಜೀವ ತುಂಬಿರುತ್ತದಂತೆ. ತಿಳಿನೀರನ್ನು ಕಂಡರೇ ತನಗೆ ಅನುಮಾನ ಎಂದು ನಕ್ಕಳು.

ಉಂಗುರದಕ್ಕನಿಗೆ ಅದರಲ್ಲಿ ಕಂಡದ್ದು, ತಿಂಗಳುಗಟ್ಟಲೆ ತಿಕ್ಕದೆ ಬಿಟ್ಟ ತೊಟ್ಟಿ. ನನ್ನ ತಮ್ಮನ ನಿಶ್ಚಿತಾರ್ಥಕ್ಕೆ ಪಾಚಿಯೇ ಗತಿಯೇ ಎಂದು ಒಳಗೊಳಗೇ ಕುದಿದಳು. ಆದರೂ ತುಟಿ ಬಿಚ್ಚಲಿಲ್ಲ. ಹೊಸದಾಗಿ ಬರುವ ಹುಡುಗಿ, ಮೊದಲನೇ ದಿನವೇ ನಾದಿನಿಗೆ ಬಾಯಿ ಜಾಸ್ತಿ ಅನ್ನಿಸಿಕೊಳ್ಳುವುದು ಯಾಕೆ ಎಂದು ಸುಮ್ಮನಾದಳು. ಬಿಳಿ ವಜ್ರದ ಪೊಟ್ಟಣವನ್ನು ಮಾತ್ರ ಒಂದು ಬೆರಳಿನಿಂದ ಮೆಲ್ಲಗೆ ಹುಡುಗಿಯ ಕಡೆಗೆ ತಳ್ಳಿದಳು. ಹುಡುಗಿ ಅದನ್ನು ಗಮನಿಸಲೇ ಇಲ್ಲ.

ಕಲ್ಲು ಕೊಡುವಾಗ ಮಾಮ ಗಂಟಲು ಸರಿಮಾಡಿಕೊಂಡ.

"ಮಗಳೇ, ಇಲ್ಲಿ ಕೇಳು. ಇದರ ಹಸಿರು ಮೈಮೇಲಿನದು, ಒಳಗಿನದಲ್ಲ. ಬಿಳಿ ವಜ್ರಕ್ಕೆ ತೋರಿಸೋ ಹಾಗೆ ಇದಕ್ಕೆ ಬೆಂಕಿ ತೋರಿಸಬೇಡ. ಕಂದು ತಿರುಗುತ್ತೆ. ಹೋದ ಬಣ್ಣ ಮತ್ತೆ ಬರಲ್ಲ."

"ಸರಿ ಮಾಮ," ಎಂದಳು ಅವಳು, ಸೊಸೆಯರು ಅತ್ತೆಗೆ ಅನ್ನುವ ಹಾಗೆ. ಮಾಮ ನಂಬಲಿಲ್ಲವೋ ಏನೋ, ಪೊಟ್ಟಣದ ಮೇಲೆ 'ಬೆಂಕಿ ಬೇಡ' ಎಂದು ದಪ್ಪಕ್ಷರದಲ್ಲಿ ಬರೆದೇ ಕೊಟ್ಟ.

ಉಂಗುರವನ್ನು ಅವಳು ಮನಸ್ಸಿಟ್ಟೇ ಮಾಡಿದಳು. ಆ ಮಾತಿನಲ್ಲಿ ಸುಳ್ಳಿಲ್ಲ. ಚಿನ್ನ ಕರಗಿಸಿ, ತಂತಿ ಎಳೆದು, ಬಾಗಿಸಿ, ಕಲ್ಲನ್ನು ಹಿಡಿಯುವ ನಾಲ್ಕು ಉಗುರುಗಳನ್ನು ಒಂದೊಂದಾಗಿ ಅರದಲ್ಲಿ ತೀಡಿದಳು. ಬೆಸುಗೆಯೆಲ್ಲ ಮುಗಿದು ಉಂಗುರ ತಣ್ಣಗಾದ ಮೇಲೆಯೇ ಕಲ್ಲು ಕೂರಿಸಿದಳು. ತಮ್ಮ ಕೆಲಸಕ್ಕೆ ಹೊರಡುವ ಮುಂಚೆ ಬಗ್ಗಿ ನೋಡಿ, ನಿನ್ನ ಕೈಗೆ ಬಂಗಾರದ ಉಂಗುರ ಹಾಕಬೇಕು ಎಂದ. ಮೊದಲು ಡಬ್ಬಿ ತೊಳೆದಿಡೋ, ಆಮೇಲೆ ಬಂಗಾರ ಎಂದಳು.

ನಿಶ್ಚಿತಾರ್ಥಕ್ಕೆ ಎಂಟು ದಿನ ಇರುವಾಗ ಹುಡುಗಿ ಬಂದು ಹಾಕಿ ನೋಡಿದಳು. ಉಂಗುರ ಬೆರಳಿನ ಗಿಣ್ಣಿನ ಹತ್ತಿರ ನಿಂತುಬಿಟ್ಟಿತು. ತಪ್ಪು ಉಂಗುರದಕ್ಕನದೇ. ಅಳತೆ ತೆಗೆದದ್ದು ಚಳಿಯ ಬೆಳಗ್ಗೆ, ಹುಡುಗಿ ತಣ್ಣೀರಿನ ಕೆಲಸ ಮುಗಿಸಿ ಬಂದ ಕೂಡಲೇ. ಆಗ ಬೆರಳು ಸಣ್ಣಗಾಗಿರುತ್ತದೆ ಎನ್ನುವುದು ಇಪ್ಪತ್ತು ವರ್ಷದ ಅನುಭವಕ್ಕೆ ಗೊತ್ತಿರಬೇಕಿತ್ತು. ಒಂದು ಕೂದಲೆಳೆಯಷ್ಟು ಹಿಗ್ಗಿಸಿ ನಾಳೆಯೇ ಕೊಡುತ್ತೇನೆ ಎಂದು ಹೇಳಿ ಕಳಿಸಿದಳು.

ಹಿಗ್ಗಿಸುವುದೆಂದರೆ ಉಂಗುರದ ಅಡಿಯನ್ನು ಕತ್ತರಿಸಿ, ಚಿನ್ನದ ಚೂರೊಂದನ್ನು ನಡುವೆ ಇಟ್ಟು ಬೆಸೆಯಬೇಕು. ಮುತ್ತೋ ಹವಳವೋ ಆಗಿದ್ದರೆ ಮೊದಲು ಕಲ್ಲು ಬಿಚ್ಚಿಡುತ್ತಾರೆ. ವಜ್ರವಾದರೆ ಯಾರೂ ಬಿಚ್ಚುವುದಿಲ್ಲ. ಬಿಳಿಗಾರವನ್ನು ನೀರಲ್ಲಿ ಕಲಸಿ ಕಲ್ಲಿನ ಮೇಲೆ ದಪ್ಪಗೆ ಮೆತ್ತಿದರೆ ಆಯಿತು, ಬೆಂಕಿ ಅದನ್ನು ಏನೂ ಮಾಡುವುದಿಲ್ಲ. ಅಪ್ಪ ಹಾಗೇ ಮಾಡುತ್ತಿದ್ದ. ಇವಳೂ ಸಾವಿರ ಸಲ ಹಾಗೇ ಮಾಡಿದ್ದಳು. ಉಗುರು ಎತ್ತಿ ಕಲ್ಲು ಬಿಚ್ಚಿದರೆ ಮತ್ತೆ ಕೂರಿಸುವುದಕ್ಕೆ ಅರ್ಧ ದಿನ, ಒಂದು ಉಗುರು ಮುರಿದರಂತೂ ಪೂರ್ತಿ ದಿನ.

ಮಧ್ಯಾಹ್ನ ಮೂರು ಗಂಟೆಯಿರಬಹುದು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು, ಒಂದು ಕಿವಿ ಅಲ್ಲಿತ್ತು. ಅಡಿ ಕತ್ತರಿಸಿ ಚೂರು ಇಟ್ಟಳು. ಬಿಳಿಗಾರ ಮೆತ್ತಿದಳು. ಗ್ಯಾಸಿನ ಉರಿ ಹಚ್ಚಿದಳು. ಪೊಟ್ಟಣ ಮೊಣಕೈ ಪಕ್ಕದಲ್ಲೇ ಬಿದ್ದಿತ್ತು, ದಪ್ಪಕ್ಷರ ಮೇಲ್ಮುಖವಾಗಿಯೇ ಇತ್ತು. ಕಣ್ಣು ಒಮ್ಮೆ ಅದರ ಮೇಲೆ ಹೋಗಿ ಬಂತು. ಉರಿ ಹಿಡಿಯುವುದು ಅಡಿಗಲ್ಲವೇ, ತಲೆಯಲ್ಲಿರುವ ಕಲ್ಲಿಗೆ ಅಷ್ಟರಲ್ಲಿ ಏನಾಗುತ್ತೆ ಎಂದುಕೊಂಡಳು. ಹಾಗೆ ಅಂದುಕೊಳ್ಳಲು ಒಂದು ಉಸಿರಿನಷ್ಟು ಹೊತ್ತೂ ಆಗಲಿಲ್ಲ.

ಬೆಸುಗೆ ಕರಗಿ ಹೊಳೆಯಿತು. ಉಂಗುರ ತಣಿಯಲು ಬಿಟ್ಟು ಹೋಗಿ ಹಾಲು ಇಳಿಸಿ ಬಂದಳು. ಬಿಳಿಗಾರ ತೊಳೆದು, ಒರೆಸಿ, ಕಿಟಕಿಗೆ ಹಿಡಿದಳು. ಹಸಿರು ಇರಲಿಲ್ಲ. ಕಿಲುಬು ಹಿಡಿದ ಪಾತ್ರೆಯ ತಳದಂಥ ಕಂದು ಬಣ್ಣವೊಂದು ಅವಳನ್ನೇ ನೋಡುತ್ತಿತ್ತು. ಇನ್ನೊಮ್ಮೆ ತೊಳೆದಳು. ಸೆರಗಿನಿಂದ ತಿಕ್ಕಿದಳು. ಉಗುರಿನಿಂದ ಕೆರೆದಳು, ಮಕ್ಕಳು ಗೋಡೆಯ ಮೇಲಿನ ಕಲೆ ಕೆರೆಯುವ ಹಾಗೆ. ಆಮೇಲೆ ಉಂಗುರವನ್ನು ಕೆಳಗಿಟ್ಟು, ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು.

ಸಂಜೆ ತಮ್ಮ ಬಂದು ಉಂಗುರ ಎಲ್ಲಿ ಎಂದ. ಹೊಳಪು ಕೊಡುವುದು ಬಾಕಿಯಿದೆ ಎಂದಳು. ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ಅವನು ಅನುಮಾನಪಡಲಿಲ್ಲ. ಅಕ್ಕ ಹೇಳಿದ್ದನ್ನು ಅವನು ಅನುಮಾನಿಸಿದ್ದು ಹುಟ್ಟಿದಾರಭ್ಯ ಇಲ್ಲ. ಊಟಕ್ಕೆ ಕೂತು, ತನ್ನ ಉಂಗುರ ಅಂಗಡಿಯದಲ್ಲ, ಅಕ್ಕ ಕೈಯಲ್ಲಿ ಮಾಡುತ್ತಿರುವುದು ಎಂದು ನೀರಿನ ಹುಡುಗಿ ಕಚೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ ಎಂದ. ಉಂಗುರದಕ್ಕ ಕಲಸಿದ ಅನ್ನ ಬಿಟ್ಟು ಎದ್ದಳು. ಮಧ್ಯಾಹ್ನದ್ದೇ ಅರಗಿಲ್ಲ ಎಂದಳು. ಅದು ಎರಡನೆಯ ಸುಳ್ಳು.

ಮರುದಿನ ಬೆಳಿಗ್ಗೆಯೇ ಮಾಮನ ಮೆಟ್ಟಿಲು ಹತ್ತಿದಳು. ಅವನು ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಷ್ಟು ಹೊತ್ತು ಉರಿ ಹಿಡಿದೆ ಎಂದಷ್ಟೇ ಕೇಳಿ, ಉಂಗುರವನ್ನು ವಾಪಸ್ಸು ಅವಳ ಅಂಗೈಗೆ ಇಟ್ಟ. ತನ್ನ ಗುರುತಿನವನೊಬ್ಬನ ಹತ್ತಿರ ಇದೇ ಬಣ್ಣದ, ಹೆಚ್ಚುಕಡಿಮೆ ಇದೇ ಅಳತೆಯ ಇನ್ನೊಂದಿದೆ, ತರಿಸಿಕೊಡಲೇ ಎಂದ. ಕೂರಿಸಿ ಕೊಟ್ಟುಬಿಡು, ಹುಡುಗಿಗೆ ಗೊತ್ತಾಗುವುದಿಲ್ಲ, ನನಗೇ ಗೊತ್ತಾಗಬೇಕಾದರೆ ಭೂತಗನ್ನಡಿ ಬೇಕು ಎಂದ. ಉಂಗುರದಕ್ಕ ಹೂಂ ಎಂದಳು. ಅದಕ್ಕೆ ಎಷ್ಟಾಗುತ್ತದೆ ಎಂದು ಕೇಳಲೂ ಇಲ್ಲ. ಮೆಟ್ಟಿಲಿಳಿಯುವಾಗ ಮೈ ಹಗುರಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಮೂರು ದಿನಕ್ಕೆ ಕಲ್ಲು ಬಂತು. ನಿಜಕ್ಕೂ ಅದೇ ಹಸಿರು. ಉಂಗುರದ ಉಗುರೆತ್ತಿ, ಸುಟ್ಟ ಕಲ್ಲನ್ನು ತೆಗೆದು ಬಟ್ಟೆಯ ಮೇಲಿಟ್ಟಿದ್ದಳು. ಪಕ್ಕದಲ್ಲಿ ಹೊಸದು. ಕೂರಿಸಲು ಚಿಮಟ ಕೈಗೆತ್ತಿಕೊಂಡಿದ್ದಾಳೆ, ಬಾಗಿಲಲ್ಲಿ ನೀರಿನ ಹುಡುಗಿ. ಕೆಲಸದಿಂದ ನೇರವಾಗಿ ಬಂದಿದ್ದಳು, ಬೂಟಿನ ತುಂಬ ಕೆಸರು. ಅದನ್ನು ಹೊರಗೇ ಕಳಚಿಟ್ಟು ಬರಿಗಾಲಲ್ಲಿ ಒಳಗೆ ಬಂದಳು. ಉಂಗುರದಕ್ಕ ಬಟ್ಟೆಯ ತುದಿಯನ್ನು ಎರಡೂ ಕಲ್ಲಿನ ಮೇಲೆ ಮಡಚಿದಳು.

ಉಂಗುರ ನೋಡಲು ಬಂದದ್ದಲ್ಲ, ಸುಮ್ಮನೆ ಮಾತಾಡೋಣವೆಂದು ಬಂದೆ ಎಂದು ಹುಡುಗಿ ಸ್ಟೂಲಿನ ಮೇಲೆ ಕೂತಳು. ತನ್ನ ಮನೆಯಲ್ಲಿ ಆ ಕಲ್ಲಿಗಾಗಿ ನಡೆದ ರಾಮಾಯಣವನ್ನೆಲ್ಲ ಹೇಳಿದಳು. ಅಮ್ಮ ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಚಿಕ್ಕಮ್ಮ, ಇದೇನು ಮದುವೆಯೋ ಮೀನು ಸಾಕಣೆಯೋ ಎಂದಳಂತೆ. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹುಡುಗಿ ತಲೆ ತಗ್ಗಿಸಿ ಹೇಳಿದಳು.

"ಎಲ್ಲರೂ ಬಿಳಿದೇ ತಗೋ ಅಂದ್ರು ಅಕ್ಕ. ನೀವೊಬ್ಬರೇ ಏನೂ ಅನ್ನಲಿಲ್ಲ. ಅವತ್ತು ಅಲ್ಲಿ ನೀವು ಸುಮ್ಮನೆ ಕೂತಿದ್ರಲ್ಲ, ಅದರಿಂದಲೇ ನನಗೆ ಧೈರ್ಯ ಬಂತು. ಅದನ್ನ ಹೇಳಬೇಕು ಅನ್ನಿಸ್ತು."

 ಈ ಮಗು ಬೂಟು ಹೊರಗೆ ಬಿಟ್ಟು ಬಂದು ನನ್ನ ಉಪಕಾರ ನೆನೆಯುತ್ತಿದೆ ಎಂದು ಉಂಗುರದಕ್ಕನಿಗೆ ಅನ್ನಿಸಿತು. ಹೊಸ ಕಲ್ಲು ಕೂರಿಸಿಬಿಟ್ಟರೆ, ಇನ್ನು ಮೂವತ್ತು ವರ್ಷ ಇವಳು ಕೈ ಚಾಚಿ ಚಾಚಿ ತೋರಿಸುತ್ತಾಳೆ. ತಾನು ಪ್ರತಿ ಸಲವೂ ನೋಡಿ, ಚೆನ್ನಾಗಿದೆ ಎನ್ನಬೇಕು.

ಅವಳು ಬಟ್ಟೆಯ ಮಡಿಕೆ ಬಿಚ್ಚಿದಳು. ಕಂದು ಕಲ್ಲನ್ನು ತೋರಿಸಿ, ನೀನು ಆರಿಸಿದ್ದು ಇದು ಎಂದಳು. ಹಸಿರನ್ನು ತೋರಿಸಿ, ಇದು ಬೇರೆ, ನಿನಗೆ ತಿಳಿಯದ ಹಾಗೆ ಕೂರಿಸಲು ತರಿಸಿದ್ದು ಎಂದಳು. ಉರಿ, ಬಿಳಿಗಾರ, ಬೆಸುಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಹುಡುಗಿ ಕಂದು ಕಲ್ಲನ್ನು ಬೆರಳ ತುದಿಗೆ ಅಂಟಿಸಿಕೊಂಡು ಕಿಟಕಿಯ ಬಳಿಗೆ ಹೋದಳು. ಬೆನ್ನು ಮಾತ್ರ ಕಾಣುತ್ತಿತ್ತು.

"ಮರೆತುಹೋಗಿತ್ತಾ ನಿಮಗೆ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಯಾರಿಗಾದರೂ ಆಗುವ ತಪ್ಪು ಅದು. ಹುಡುಗಿಯೇ ಆ ಉತ್ತರವನ್ನು ಕೈಗೆ ಇಟ್ಟ ಹಾಗಿತ್ತು.

"ಇಲ್ಲ ಕಣಮ್ಮ. ನೆನಪಾಗಿತ್ತು. ಪೊಟ್ಟಣದ ಮೇಲೆ ಬರೆದಿದ್ದನ್ನೂ ನೋಡಿದೆ." ಚಿಮಟವನ್ನು ಕೆಳಗಿಟ್ಟಳು. "ನನಗೆ ಇಷ್ಟವಾದ ಕಲ್ಲಾಗಿದ್ರೆ ಉರಿ ಆರಿಸ್ತಿದ್ದೆ. ಇದು ನನಗೆ ಮೊದಲ ದಿನದಿಂದಲೂ ಇಷ್ಟ ಇರಲಿಲ್ಲ. ಹಾಳು ಮಾಡಬೇಕು ಅಂತ ಮಾಡಲಿಲ್ಲ. ಆದ್ರೆ ಉಳಿಸಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ."

  ಹುಡುಗಿ ಕಿಟಕಿಯಿಂದ ವಾಪಸ್ಸು ಬಂದು, ಕಲ್ಲನ್ನು ಬಟ್ಟೆಯ ಮೇಲಿಟ್ಟು, ಇವಳ ಮುಖ ನೋಡದೆ, ನಿಮ್ಮ ತಮ್ಮನಿಗೆ ನೀವೇ ಹೇಳಿ, ನಾನು ಹೇಳುವುದಿಲ್ಲ ಎಂದಳು. ಹೊರಗೆ ಬೂಟಿನ ದಾರ ಕಟ್ಟಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಉಂಗುರದಕ್ಕ ಒಳಗೆ ನಿಂತೇ ಇದ್ದಳು. 

ತಮ್ಮನಿಗೆ ಅವತ್ತೇ ಹೇಳಿದಳು. ಅವನು ಕೂಗಾಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ. ಕಲ್ಲು ಹೋದರೆ ಹೋಗಲಿ, ಹೊಳಪು ಕೊಡುವುದು ಬಾಕಿ ಎಂದೆಯಲ್ಲ, ಅದು ಯಾಕೆ ಎಂದು ಕೇಳಿದ.  ಮರುದಿನ ಅವನು ಡಬ್ಬಿ ಬೇಡ, ಹೊರಗೆ ತಿನ್ನುತ್ತೇನೆ ಎಂದು ಹೊರಟುಹೋದ. ಕಟ್ಟಿಟ್ಟ ಡಬ್ಬಿ ಸಂಜೆಯವರೆಗೂ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಕೂತಿತ್ತು. ಅವಳು ಅದನ್ನು ದಾಟಿ ದಾಟಿ ಓಡಾಡಿದಳು.

ನಿಶ್ಚಿತಾರ್ಥ ನಿಲ್ಲಲಿಲ್ಲ. ದಿನ ಬದಲಿಸುವುದು ಬೇಡ, ಕಲ್ಲಿಲ್ಲದ ಒಂದು ಸಾದಾ ಉಂಗುರ ಸಾಕು ಎಂದು ಹುಡುಗಿ ತಮ್ಮನ ಕೈಯಲ್ಲಿ ಹೇಳಿ ಕಳಿಸಿದಳು. ಉಂಗುರದಕ್ಕ ಒಂದು ಬೆಳಗ್ಗೆ ಕೂತು ಮಾಡಿಕೊಟ್ಟಳು. ನಿಶ್ಚಿತಾರ್ಥದ ದಿನ ತುಂಬಿದ ಕೋಣೆಯಲ್ಲಿ ಹುಡುಗಿಯ ಚಿಕ್ಕಮ್ಮ ಅವಳ ಕೈ ಹಿಡಿದೆತ್ತಿ, ಎಲ್ಲಿ ಹೋಯಿತೇ ನಿನ್ನ ಪಾಚಿ ಎಂದು ಎಲ್ಲರೆದುರು ಕೇಳಿದಳು. ಉಂಗುರದಕ್ಕ ತಟ್ಟೆ ಹಿಡಿದು ನಿಂತಿದ್ದ ಕಡೆಯೇ ಕಲ್ಲಾದಳು. ಹುಡುಗಿ, ಇನ್ನೂ ಆರಿಸ್ತಾ ಇದೀವಿ ಚಿಕ್ಕಮ್ಮ, ಅವಸರ ಏನು ಎಂದು ನಕ್ಕು ಕೈ ಬಿಡಿಸಿಕೊಂಡಳು. ಹಾಗೆ ಹೇಳಿ ತನ್ನನ್ನು ಕಾಪಾಡಿದ್ದು ಉಂಗುರದಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಯಾರಾದರೂ ತನ್ನನ್ನು ಬೈಯಬಾರದೇ ಎಂದು ಅವಳು ಆ ದಿನವೆಲ್ಲ ಕಾದಳು. ಎಲ್ಲರೂ ಒಳ್ಳೆಯವರಾಗಿಯೇ ಇದ್ದರು.

ಎರಡು ವಾರದ ಮೇಲೆ ಹುಡುಗಿ ಫೋನ್ ಮಾಡಿದಳು. ನಾಳೆ ಬೆಳಿಗ್ಗೆ ಮಾಮನ ಹತ್ತಿರ ಹೋಗುತ್ತಿದ್ದೇನೆ, ನೀವೂ ಬನ್ನಿ ಎಂದಳು. ಈ ಸಲ ಸುಮ್ಮನೆ ಕೂರಬೇಡಿ ಎಂದೂ ಹೇಳಿದಳು.

ಮಾಮ ಮೊದಲು, ಉಂಗುರದಕ್ಕ ಹಿಂತಿರುಗಿಸಿದ್ದ, ಹಳೆಯ ಹಸಿರಿನ ಜೋಡಿಯಂತಿದ್ದ ಆ ಎರಡನೇ ಕಲ್ಲನ್ನೇ ಮುಂದಿಟ್ಟ. ಹುಡುಗಿ ಅದನ್ನು ಬೇಡವೆಂದಳು. ಅದರ ತಪ್ಪೇನಿಲ್ಲ, ಆದರೆ ಅದು ಇನ್ನೊಂದರ ವೇಷ ಹಾಕಿಕೊಂಡು ಬಂದದ್ದು, ಕೈಗೆ ಹಾಕಿಕೊಂಡರೆ ದಿನಾ ಅದೇ ನೆನಪಾಗುತ್ತದೆ ಎಂದಳು. ಮತ್ತೆ ಪೊಟ್ಟಣಗಳು ಬಿಚ್ಚಿಕೊಂಡವು. ಬೆಳಕು ಕಿಟಕಿಯಿಂದ ಮೇಜಿನ ಅರ್ಧಕ್ಕೆ ಬರುವ ಹೊತ್ತಿಗೆ ಅವಳ ಬೆರಳ ಸಂದಿಯಲ್ಲಿ ಒಂದು ಕಲ್ಲು ನಿಂತಿತ್ತು. ಮಳೆ ಬರುವ ಮುಂಚಿನ ಮೋಡದ ಬಣ್ಣ, ನಡುವೆ ಒಂದಿಷ್ಟು ಮಬ್ಬು ಹಳದಿ. ಅವಳು ಅದನ್ನು ಉಂಗುರದಕ್ಕನ ಮುಂದೆ ಹಿಡಿದಳು.

"ಹೇಗಿದೆ? ನಿಜ ಹೇಳಿ."

ಉಂಗುರದಕ್ಕ ಭೂತಗನ್ನಡಿ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. ಮಾಮ ಕೆಮ್ಮಿದ.

"ನನಗೆ ಇಷ್ಟ ಆಗಲಿಲ್ಲ," ಎಂದಳು. "ಒಳಗೆ ಹೋದ ಬೆಳಕು ವಾಪಸ್ಸು ಬರೋದೇ ಇಲ್ಲ. ದೀಪದ ಕೆಳಗೆ ಇನ್ನೂ ಮಂಕಾಗಿ ಕಾಣುತ್ತೆ. ಅಂಚು ತೆಳ್ಳಗಿದೆ, ಉಗುರು ಒತ್ತುವಾಗ ಹುಷಾರಾಗಿರಬೇಕು. ನಿನ್ನ ಚಿಕ್ಕಮ್ಮ ಇದಕ್ಕೂ ಒಂದು ಹೆಸರಿಡ್ತಾರೆ."

"ಇನ್ನೇನಾದ್ರೂ ಇದೆಯಾ?"

"ಇಷ್ಟೇ. ನಿನಗೆ ಯಾಕೆ ಇಷ್ಟ ಆಯ್ತು, ಅದು ನನಗೆ ಕಾಣಿಸ್ತಿಲ್ಲ. ಹೇಳು."

ಹುಡುಗಿ ಹೇಳಿದಳು. ಮೋಡ ಕವಿದ ದಿನ ನೀರಿನ ಮೇಲೆ ಬಿಸಿಲು ಕಣ್ಣು ಕುಕ್ಕುವುದಿಲ್ಲವಂತೆ. ಆಗಲೇ ತಳದವರೆಗೆ ಕಾಣುವುದಂತೆ. ಉಂಗುರದಕ್ಕ ಮತ್ತೊಮ್ಮೆ ಭೂತಗನ್ನಡಿ ಹಿಡಿದು ನೋಡಿದಳು. ಅವಳಿಗೆ ತಳ ಕಾಣಲಿಲ್ಲ. ಕಂಡಿತು ಎಂದು ಹೇಳಬಹುದಿತ್ತು, ಹೇಳಲಿಲ್ಲ. ಕಲ್ಲನ್ನು ಹುಡುಗಿಯ ಅಂಗೈಗೆ ಇಟ್ಟಳು.

ಇದೇ ಇರಲಿ ಎಂದಳು ಹುಡುಗಿ. ಮಾಮ ಕಾಗದ ಮಡಚಿ ಪೊಟ್ಟಣ ಕಟ್ಟಿದ. ಕಟ್ಟಿ, ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಇಬ್ಬರ ನಡುವೆ ಹಿಡಿದು ನಿಂತ. ಉಂಗುರದಕ್ಕನ ಕೈ ಅಭ್ಯಾಸದಂತೆ ಮುಂದೆ ಬಂತು, ಅರ್ಧದಲ್ಲೇ ನಿಂತು ಹಿಂದೆ ಹೋಯಿತು. ಹುಡುಗಿ ಪೊಟ್ಟಣ ತೆಗೆದುಕೊಂಡು ತನ್ನ ಚೀಲದ ಒಳಜೇಬಿಗೆ ಹಾಕಿ ಜಿಪ್ ಎಳೆದಳು.

"ಇದು ನನ್ನ ಹತ್ತಿರವೇ ಇರಲಿ. ನೀವು ಕೂರಿಸೋ ದಿನ ನಾನೇ ತರ್ತೀನಿ. ಮುಗಿಯೋವರೆಗೂ ಪಕ್ಕದಲ್ಲಿ ಕೂತಿರ್ತೀನಿ."

ಇಪ್ಪತ್ತು ವರ್ಷದಲ್ಲಿ ಉಂಗುರದಕ್ಕ ತನ್ನ ಮಣೆಯ ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಂಡವಳಲ್ಲ.  ಮಾಮ ಡ್ರಾಯರಿನಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ.

"ಕೂತ್ಕೊ," ಎಂದಳು. "ಬೆಳಿಗ್ಗೆ ಬೇಗ ಬಾ. ಸ್ಟೂಲು ಎತ್ತರ ಜಾಸ್ತಿ ಆಯ್ತು, ನನ್ನ ಕೈ ಸರಿಯಾಗಿ ಕಾಣಲ್ಲ. ತಗ್ಗಿನದೊಂದು ಹಾಕಿರ್ತೀನಿ."